ಅಳಿಯ ಚೆಲ್ಲಿದ ಚರಗ

ನನ್ನ ಮಾವನವರಿಗೆ ನನ್ನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಇಪ್ಪತ್ತೆರಡು ವರ್ಷದಿಂದ ರೈಲುಗಳಿಗೆ ಹಳಿ ಬದಲಿಸಿಕೊಡುವ ಮನುಷ್ಯ ನಾನು. ಮುಂಬೈಗೆ ಹೊರಟವರು ನನ್ನ ದೆಸೆಯಿಂದ ಮದ್ರಾಸಿನಲ್ಲಿ ಇಳಿದ ಉದಾಹರಣೆ ಒಂದೂ ಇಲ್ಲ. ಆದರೂ ಮಾವ ಕಾಶಪ್ಪನವರು ನನ್ನನ್ನು ಬೆಲ್ಲ ತರಲು ಅಂಗಡಿಗೆ ಕಳಿಸಿದರೆ, ಹಿಂದೆಯೇ ಮಗಳನ್ನೂ ಕಳಿಸುತ್ತಾರೆ.

ಹೀಗಿರುವಾಗ ಈ ಸಲದ ಎಳ್ಳಮಾವಾಸ್ಯೆಗೆ ಎಂಟು ದಿನ ಮೊದಲು ಅವರು ಕಾಲು ಮುರಿದುಕೊಂಡು ಶಹಾಬಾದಿನ ಮನೆಯಲ್ಲಿ ಮಂಚ ಹಿಡಿದರು. ಚಿಂಚೋಳಿ ಕಡೆಯ ಗುಡ್ಡದಲ್ಲಿ ಅವರದೊಂದು ಹೊಲವಿದೆ. ಮುತ್ತಜ್ಜನ ಕಾಲದ್ದು, ಕಲ್ಲು ಕಟ್ಟಿದ ಬಾವಿಯಿರುವಂಥದ್ದು. ಎಳ್ಳಮಾವಾಸ್ಯೆಯ ದಿನ ಅಲ್ಲಿ ಚರಗ ಚೆಲ್ಲಬೇಕು. ಅಂದರೆ ಕಾಳು-ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡಬು ಎಲ್ಲ ಕಲಸಿ, ನಿಂತ ಬೆಳೆಯ ಮೇಲೆ ಎರಚಿ ಭೂಮಿತಾಯಿಗೆ ಉಣಿಸಬೇಕು. ಐದು ತಲೆಮಾರಿನಿಂದ ಇದು ಒಂದು ವರ್ಷವೂ ತಪ್ಪಿಲ್ಲ.

"ಈ ವರ್ಷ ಭೂಮಿತಾಯಿ ಉಪಾಸ ಇರ್ತಾಳ," ಎಂದು ಮುದುಕರು ಗೋಡೆಯ ಕಡೆ ಮುಖ ತಿರುಗಿಸಿದರು. ಕಣ್ಣಲ್ಲಿ ನೀರಿತ್ತು.

"ನಾ ಹೋಗ್ತೀನ್ರಿ ಮಾವಾರ."

"ಹಾದಿ ಗೊತ್ತದೇನ್ರಿ?"

"ರೈಲ್ವೆದಾವಗ ಹಾದಿ ಕೇಳ್ತೀರೇನ್ರಿ?" ಎಂದೆ. (ಆ ಹೊಲವನ್ನು ನಾನು ನೋಡಿದ್ದು ಒಂದೇ ಸಲ, ಮದುವೆಯಾದ ವರ್ಷ. ಆಗ ನಾನು ಹೊಲ ನೋಡುತ್ತಿರಲಿಲ್ಲ.)

ಹೆಂಡತಿ ಸರಿತಾ ನಸುಕಿನಲ್ಲೇ ಎದ್ದು ಅಡಿಗೆ ಮಾಡಿ ಬುಟ್ಟಿ ತುಂಬಿದಳು. ಜೀಪು ನಮ್ಮನ್ನು ಗುಡ್ಡದ ಬುಡದಲ್ಲಿ ಇಳಿಸಿತು. ಅರ್ಧ ಏರುವಷ್ಟರಲ್ಲಿ ಅವಳ ಮಂಡಿಗಳು ಮುಷ್ಕರ ಹೂಡಿದವು.

"ನೀ ನಿಧಾನ ಬಾ. ನಾ ಬುಟ್ಟಿ ತಗೊಂಡು ಮುಂದ ಹೋಗಿರ್ತೀನಿ."

"ಬಾವಿ ಹತ್ರ ನಿಂದರ್ರಿ. ನಾ ಬರೂತನಕ ಏನೂ ಮುಟ್ಟಬ್ಯಾಡ್ರಿ!"

(ಈ ಕೊನೆಯ ಮಾತನ್ನು ನಾನು ದಿನಕ್ಕೆ ನಾಲ್ಕು ಸಲ ಕೇಳುತ್ತೇನೆ. ಹಾಗಾಗಿ ಅದು ಈಗ ಕಿವಿಯ ಒಳಗೇ ಹೋಗುವುದಿಲ್ಲ.)

ಮೇಲೆ ಹೋದೆ. ಕಲ್ಲುಬಾವಿ ಕಂಡಿತು. ಪಕ್ಕದಲ್ಲಿ ಬನ್ನಿಗಿಡ, ಅದರ ಬುಡದಲ್ಲಿ ಪೂಜೆಗೆಂದು ಸುಣ್ಣ ಬಳಿದ ಐದು ಕಲ್ಲು. ಸುಣ್ಣ ಇನ್ನೂ ಹಸಿಯಿತ್ತು. ಯಾರೋ ಪುಣ್ಯಾತ್ಮರು ನಮಗಾಗಿ ಬಳಿದಿಟ್ಟಿದ್ದಾರೆ ಎಂದುಕೊಂಡೆ. (ಆ ಗುಡ್ಡದಲ್ಲಿ ಹೊಲಕ್ಕೊಂದು ಕಲ್ಲುಬಾವಿ ಇದೆಯೆಂದು ಆಮೇಲೆ ತಿಳಿಯಿತು.) ಸರಿತಾ ಬರುವುದರೊಳಗೆ ಎಲ್ಲ ಮುಗಿಸಿ ಅವಳನ್ನು ದಿಗ್ಭ್ರಾಂತಳನ್ನಾಗಿ ಮಾಡುವ ಭವ್ಯ ಯೋಜನೆ ನನ್ನ ತಲೆಯಲ್ಲಿ ಉದಯಿಸಿತು. ಕಾಯಿ ಒಡೆದು, ಬುಟ್ಟಿ ಹೊತ್ತು, "ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕಿ ಮೊದಲ ಹಿಡಿ ಎರಚಿದೆ.

ಹಿಂದೆ ನೀರು ಚಿಮುಕಿಸುತ್ತ ಬರುವವರು "ಸಲಾಂಬ್ರಿಗೋ!" ಎನ್ನಬೇಕು. ನಾನೊಬ್ಬನೇ ಇದ್ದೆ. ಆದರೂ ಉತ್ತರ ಬಂತು! ತಿರುಗಿದರೆ ಬಿಳಿಗಡ್ಡದ ಹಿರಿಯರೊಬ್ಬರು ತಂಬಿಗೆ ಹಿಡಿದು ನನ್ನ ಬೆನ್ನಿಗೇ ಬರುತ್ತಿದ್ದರು. ಮಾವನವರ ಆಳಿರಬೇಕು ಅಂದುಕೊಂಡು, "ಜಲ್ದಿ ಬರ್ರಿ, ಹಿಂದ ಬೀಳಬ್ಯಾಡ್ರಿ!" ಎಂದು ಗದರಿದೆ. ಅವರು "ಹೌದ್ರಿ, ಹೌದ್ರಿ" ಎನ್ನುತ್ತ ಬೀಸುಗಾಲು ಹಾಕಿದರು. ಹೊಲವನ್ನೆಲ್ಲ ಸುತ್ತಿ, ಬುಟ್ಟಿ ಬೋರಲು ಹಾಕಿ, ಬೆವರು ಒರೆಸಿಕೊಂಡೆ.

"ಭಾಳ ಚೊಲೊ ಆತ್ರಿ," ಎಂದರು ಅವರು. "ಚರಗ ನಡುವ ನಿಂದ್ರಸಬಾರದು ಅಂತ ಸುಮ್ಮನಿದ್ದೆ. ನಾ ಖಾಜಾಮಿಯಾ. ಈ ಹೊಲ ನಂದದ್ರಿ."

ಅಷ್ಟರಲ್ಲಿ ಬದುವಿನ ಮೇಲಿಂದ ಸರಿತಾಳ ಧ್ವನಿ ಗುಡ್ಡಕ್ಕೆಲ್ಲ ಕೇಳಿಸಿತು. "ರೀ! ಮಂದಿ ಹೊಲದಾಗ ಏನ್ ಮಾಡಾಕತ್ತೀರಿ?"

ಇಳಿದು ಬಂದು ಖಾಲಿ ಬುಟ್ಟಿ ನೋಡಿದಳು. "ಅಪ್ಪಗ ಏನಂತ ಹೇಳ್ಲಿ?" ಎಂದು ಅಲ್ಲೇ ಕುಸಿದು ಅತ್ತುಬಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಭ್ಯಾಸವಿದೆ. ಅಳುವುದನ್ನು ನೋಡಲಾಗಲಿಲ್ಲ. ಮಂಚದ ಮೇಲೆ ದಾರಿ ಕಾಯುತ್ತಿರುವ ಮುದುಕರ ನೆನಪಾಗಿ ನಾನೂ ಅವಳ ಪಕ್ಕದಲ್ಲೇ ಕುಳಿತುಬಿಟ್ಟೆ.

"ಅಳಬ್ಯಾಡ ಬೇಟಿ," ಎಂದು ಖಾಜಾಮಿಯಾ ಗುಡಿಸಲಿನ ಕಡೆ ತಿರುಗಿ ಸೊಸೆಯನ್ನು ಕೂಗಿದರು. "ಮಹೆವಿಶ, ಆ ಬುಟ್ಟಿ ತಗೊಂಡ್ ಬಾ!"

ಬಂದ ಬುಟ್ಟಿಯಲ್ಲಿ ಭಜ್ಜಿ, ರೊಟ್ಟಿ, ಕಡಬು ತುಂಬಿ ತುಳುಕುತ್ತಿದ್ದವು.

"ಇದು ನಿಮ್ಮ ಚರಗದ್ದಲ್ಲೇನ್ರಿ?" ಎಂದೆ.

"ನಂದು ಬ್ಯಾರೆ ಅದ. ಇದು ನಿಮ್ಮದ. ಕಾಶಪ್ಪ ಕಾಕಾ ನಿನ್ನಿ ಫೋನ್ ಮಾಡಿದ್ರು. 'ಅಳಿಯಂದ್ರು ಬರಾಕತ್ತಾರ, ಹೊಲ ತಪ್ಪೇ ತಪ್ತಾರ. ಹಾದಿ ಹೇಳಿದ್ರ ಸಿಟ್ಟಿಗೇಳ್ತಾರ, ಹೇಳಬ್ಯಾಡ. ಒಂದು ಬುಟ್ಟಿ ಹೆಚ್ಚಿಗಿ ಮಾಡಿಸಿಡು' ಅಂದ್ರು."

"ನಿಮ್ಮ ಹೊಲಕ್ಕೇ ಬರ್ತೀನಿ ಅಂತ ಅವರಿಗೆ ಹೆಂಗ ಗೊತ್ತಾತು?"

"ಅದು ಗೊತ್ತಿರಲಿಲ್ರಿ. ಅದಕ್ಕ ಮ್ಯಾಲಿನ ಹೊಲದ ಹೀರಾಬಾಯಿಗೂ ಹೇಳ್ಯಾರ, ಕೆಳಗಿನ ಹೊಲದ ಅಬ್ದುಲ್ ಗನಿಗೂ ಹೇಳ್ಯಾರ."

ಕತ್ತೆತ್ತಿ ನೋಡಿದೆ. ಮೇಲಿನ ಬದುವಿನ ಮೇಲೆ ಹೀರಾಬಾಯಿ, ಕೆಳಗಿನ ಬದುವಿನ ಮೇಲೆ ಅಬ್ದುಲ್ ಗನಿ, ಇಬ್ಬರೂ ಬುಟ್ಟಿ ಹೊತ್ತು ನಿಂತಿದ್ದರು. ನಾನು ತಮ್ಮ ಹೊಲಕ್ಕೆ ಬರಲಿಲ್ಲವಲ್ಲ ಎಂಬ ನಿರಾಸೆ ಇಬ್ಬರ ಮುಖದಲ್ಲೂ ಇತ್ತು.

ಮೂರು ಮನೆಯ ಅಡಿಗೆ ಕಲಸಿ ನಮ್ಮ ಹೊಲದಲ್ಲಿ ಚರಗ ಚೆಲ್ಲಿದೆವು. ಮುಂದೆ ಸರಿತಾ, ಹಿಂದೆ ನಾನು. (ನನ್ನ ಕೈಗೆ ನೀರಿನ ತಂಬಿಗೆ ಮಾತ್ರ ಕೊಟ್ಟರು.) ಆಮೇಲೆ ಎಲ್ಲರೂ ಬಾವಿಕಟ್ಟೆಯ ಮೇಲೆ ಕೂಡಿ ಉಂಡೆವು. ನನ್ನ ಬೈಗುಳ ಕೇಳಿಯೂ ನೀರು ಚಿಮುಕಿಸಿದ ಖಾಜಾಮಿಯಾ ನನ್ನ ತಾಟಿಗೆ ಮೂರನೆಯ ಸಲ ಭಜ್ಜಿ ಬಡಿಸಿದಾಗ ನನ್ನ ಕಣ್ಣು ತುಂಬಿತು. ನನ್ನನ್ನು ನಂಬದಿದ್ದ ಮಾವನವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಅವರು ನಂಬಿದ್ದರೆ ನನ್ನ ಗತಿ ಏನಾಗುತ್ತಿತ್ತು!

ಉಂಡು ಕೈ ತೊಳೆದು ಫೋನು ಮಾಡಿದೆ.

"ಮಾವಾರ, ಚರಗ ಸಾಂಗವಾಗಿ ಆತ್ರಿ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಭಾಳ ಉಪಕಾರ ಆತ್ರಿ ಅಳಿಯಂದಿರ," ಎಂದರು. ಆಮೇಲೆ ಅಂಜುತ್ತಲೇ ಮೆಲ್ಲಗೆ ಕೇಳಿದರು:

"ನಮ್ಮ ಹೊಲದಾಗೂ ಆತೇನ್ರಿ?"