ಅಪ್ಪ ಹತ್ತದ ವ್ಯಾನಿನ ಸಪ್ಪಳ ಇಳಿಸಿದ ಕಥೆ

ಸುಮ್ಮನೆ ಕೂತವರ ಮನೆಗೆ ನಗೆಪಾಟಲು ತಾನಾಗಿ ಬರುವುದಿಲ್ಲ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದವನ ವಿಳಾಸ ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ನಾನು ಪಾನಾ ಹಿಡಿದಾಗಿನಿಂದ ಅದು ನಮ್ಮ ಮನೆ ಬಿಟ್ಟು ಕದಲಿಲ್ಲ.

ನಾನು ವಿಜ್ಞಾನದ ಮೇಷ್ಟ್ರು. ಮನೆ ವಿಜಯಪುರದಲ್ಲಿ, ಶಾಲೆ ತಿಕೋಟಾದಲ್ಲಿ, ಅಪ್ಪ ಅವ್ವ ಸಾರವಾಡದಲ್ಲಿ. ಈ ಮೂರೂ ಊರನ್ನು ಸುತ್ತಲು ಒಂದು ಹಳೆಯ ವ್ಯಾನು ಕೊಂಡಿದ್ದೆ. ಓಡುವುದರಲ್ಲಿ ಗಟ್ಟಿ. ಆದರೆ ಒಳಗೆ ಕೂತರೆ ಬಾಗಿಲು ಬಡಿದುಕೊಳ್ಳುತ್ತಿತ್ತು, ನೆಲದ ತಗಡು ನಡುಗುತ್ತಿತ್ತು, ಮೇಲಿನ ಟಾಪು ಗುಂಯ್ ಎನ್ನುತ್ತಿತ್ತು. ಅಪ್ಪ ಅದರಲ್ಲಿ ಕೂತದ್ದು ಒಂದೇ ಸಲ. ಇಳಿದವನೇ ಕಿವಿಯಲ್ಲಿ ಬೆರಳಿಟ್ಟು ಅಲ್ಲಾಡಿಸಿಕೊಂಡ.

“ಡಬ್ಬ್ಯಾಗ ಕಡ್ಲಿ ಹಾಕಿ ಅಳ್ಳಾಡಿಸಿದಂಗ ಆತು. ಇನ್ನ ನಾ ಬಸ್ಸಿಗೆ ಬರ್ತೇನಿ.”

“ನಾನ ರಿಪೇರಿ ಮಾಡತೇನಪ್ಪಾ” ಅಂದೆ.

ಅಪ್ಪ ನನ್ನ ಕೈ ನೋಡಿದ. ಆಯುಷ್ಯವೆಲ್ಲ ಟ್ರ್ಯಾಕ್ಟರ್ ಹೊಡೆದ ಮನುಷ್ಯ. “ಸೀಮಿಸುಣ್ಣ ಹಿಡಿಯೋ ಕೈ ಅದು” ಎಂದಷ್ಟೇ ಹೇಳಿ ಬಸ್ಸಿಗೆ ಹೋದ.

ಆ ಮಾತು ಎದೆಗೆ ನಾಟಿತು. ಒಂಬತ್ತನೇ ತರಗತಿಗೆ ಶಬ್ದದ ಪಾಠ ಮಾಡುವವನು ನಾನು. ನನ್ನ ಗಾಡಿಯ ಶಬ್ದ ನನಗೆ ಬಗ್ಗದಿದ್ದರೆ ಹೇಗೆ? ಈ ವ್ಯಾನನ್ನು ನನ್ನ ಕೈಯಿಂದಲೇ ಸುಮ್ಮನಾಗಿಸುವುದು, ಅಪ್ಪನನ್ನು ಅದರಲ್ಲಿ ಕೂಡಿಸುವುದು, ಅವನ ಬಾಯಿಂದ ಒಂದು ಸಲ ‘ಚೊಲೊ ಆಗೇತಿ’ ಅನ್ನಿಸುವುದು. ಅಂದೇ ಹಟ ಹಿಡಿದೆ.

ಠಣ್ ಮತ್ತು ಠಪ್

ಸ್ಟೇಷನ್ ರಸ್ತೆಯಲ್ಲಿ ಗಾಡಿ ಸಾಮಾನಿನ ಅಂಗಡಿಗೆ ಹೋದೆ. ಸದ್ದು ಹೀರುವ ಶೀಟುಗಳು ಸಿಗುತ್ತವೆ. ಒಂದು ಬದಿಗೆ ಬೆಳ್ಳಿ ಬಣ್ಣದ ಹಾಳೆ, ಇನ್ನೊಂದು ಬದಿಗೆ ಕಪ್ಪು ಅಂಟು. ತಗಡಿಗೆ ಅಂಟಿಸಿ ರೋಲರಿನಿಂದ ತಿಕ್ಕಿದರೆ ತಗಡು ನಡುಗುವುದು ನಿಲ್ಲುತ್ತದೆ.

“ಹಚ್ಚಾಕ ಮಿಸ್ತ್ರೀನ ಕಳಸ್ಲೇನ್ರಿ ಸರ?” ಅಂಗಡಿಯವರು ಕೇಳಿದರು.

“ಬ್ಯಾಡ್ರಿ, ನಾನ ಹಚ್ಚತೇನಿ.”

ಅವರು ನನ್ನ ಇಸ್ತ್ರಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದರು. “ಹಂಗಾರ ಸೀಮಿಎಣ್ಣಿನೂ ಒಂದೀಟ ಇಟ್ಕೋರಿ. ಶೀಟಿಗಲ್ಲ, ನಿಮ್ಮ ಕೈ ತೊಳ್ಯಾಕ.”

ಮೊದಲ ಬಾಗಿಲು ಮುಗಿದಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಮೊದಲು ಠಣ್ ಎನ್ನುತ್ತಿದ್ದದ್ದು ಈಗ ಠಪ್ ಎಂದಿತು. ನಾನು ಆ ಸಂತೋಷಕ್ಕೆ ಕುಣಿಯುವುದೊಂದು ಬಾಕಿ. ಶೀಟು ಹಚ್ಚದ ಬಾಗಿಲು ತಟ್ಟುವುದು, ಹಚ್ಚಿದ ಬಾಗಿಲು ತಟ್ಟುವುದು, ಠಣ್, ಠಪ್, ಠಣ್, ಠಪ್. ಅರ್ಧ ತಾಸು ಇದೇ ನಡೆಯಿತು.

ಕೊನೆಗೆ ಹೆಂಡತಿ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು. “ರೀ, ಬಡಿಯೂದ ನಿಲ್ಲಸ್ರಿ. ಯಾರೋ ಬಾಗಿಲಿಗೆ ಬಂದಾರಂತ ರೊಟ್ಟಿ ಬಿಟ್ಟು ಬಿಟ್ಟು ಬರಾಕತ್ತೇನಿ. ಸಪ್ಪಳಾ ಕಡಿಮಿ ಮಾಡೂದಕ್ಕ ಓಣಿ ತುಂಬ ಇಷ್ಟ ಸಪ್ಪಳೇನ್ರಿ?”

ಕಟ್ಟೆ ಮೇಲಿನ ಸೀಟು

ನೆಲಕ್ಕೆ ಶೀಟು ಹಚ್ಚಬೇಕೆಂದರೆ ಸೀಟುಗಳನ್ನು ಬಿಚ್ಚಬೇಕು. ಬಿಚ್ಚಿ ಮನೆ ಮುಂದಿನ ಕಟ್ಟೆಯ ಮೇಲೆ ಇಟ್ಟೆ. ಬಿಚ್ಚಿದ್ದು ಬೆಳಿಗ್ಗೆ. ಚಹಾ ಕುಡಿದು ಬರುವಷ್ಟರಲ್ಲಿ ಓಣಿಯ ನಿವೃತ್ತ ಹಿರಿಯರೆಲ್ಲ ಅವುಗಳ ಮೇಲೆ ಸಾಲಾಗಿ ಕೂತು ಪೇಪರ್ ಓದುತ್ತಿದ್ದರು. ಬರೀ ಕಲ್ಲಿನ ಮೇಲೆ ಕೂತು ಬೇಸತ್ತ ಜೀವಗಳು. ಒರಗುವುದಕ್ಕೆ ಬೆನ್ನಿದೆ, ತಲೆ ಇಡುವುದಕ್ಕೆ ದಿಂಬಿದೆ. ಅವರ ಮುಖದ ಸುಖ ನೋಡಿ ನನಗೂ ಎಬ್ಬಿಸುವ ಮನಸ್ಸಾಗಲಿಲ್ಲ.

ನೆಲದ ಕೆಲಸ ಮುಗಿಯಿತು. ಸೀಟು ಎತ್ತಲು ಹೋದೆ. ಪಕ್ಕದ ಮನೆಯ ಹಿರಿಯರು ಕೂತಲ್ಲಿಂದ ಏಳಲಿಲ್ಲ.

“ಇಷ್ಟ ಲಗೂ ಮುಗಿಸಿದ್ರೇನ್ರಿ? ಅವಸರದ ಕೆಲಸ ಚೊಲೊ ಅಲ್ರಿ ಸರ. ಇನ್ನೊಂದ ಪದರ ಹಚ್ರಿ.”

ಅವರ ಮಾತಿಗೆ ಇನ್ನೊಂದು ಪದರ ಹಚ್ಚಿಯೂ ಆಯಿತು. ಅದು ಮುಗಿದಾಗ ಮತ್ತೆ ಹೋದೆ. ಅವರು ಕನ್ನಡಕ ಏರಿಸಿಕೊಂಡು ವ್ಯಾನಿನೊಳಗೆ ಇಣುಕಿದರು, ನೆಲ ತಟ್ಟಿದರು, ಮತ್ತೆ ಬಂದು ಕೂತರು. “ಭಾಳ ಭೇಷ್ ಆಗೇತ್ರಿ. ಗಾಡಿ ಈಗ ಸೀಟ ಇಲ್ಲದನೂ ನಡಿತೈತಿ.”

ಶಾಲು

ಹಿರಿಯರು ಊಟಕ್ಕೆ ಎದ್ದ ಹೊತ್ತು ನೋಡಿ ಸೀಟು ಮರಳಿ ಜೋಡಿಸಿದೆ. ಟಾಪಿಗೆ ಬರುವಷ್ಟರಲ್ಲಿ ತಂದ ಶೀಟು ತೀರಿತ್ತು. ಮನೆಯ ಮಾಳಿಗೆ ಸೋರದಂತೆ ಹಾಸಿದ್ದ ಡಾಂಬರು ಶೀಟು ಒಂದಿಷ್ಟು ಮಿಕ್ಕಿತ್ತು. ಅದೂ ಕಪ್ಪು, ಇದೂ ಕಪ್ಪು. ಅದೂ ಮೇಲೆ ಹಾಸುವುದು, ಇದೂ ಮೇಲೆ ಹಾಸುವುದು. ವಿಜ್ಞಾನದ ಮೇಷ್ಟ್ರ ತಲೆ ಅಲ್ಲಿ ಓಡಿತು. ಡಾಂಬರು ಶೀಟು ಬಿಸಿ ಮಾಡಿ ಅಂಟಿಸಿ, ಅದರ ಮೇಲೆ ಬೂದು ಬಣ್ಣದ ಮೆತ್ತನೆಯ ಬಟ್ಟೆ ಒತ್ತಿದೆ. ನೋಡಲು ಹೊಸ ಗಾಡಿಯಂತೆಯೇ ಇತ್ತು.

ನಮ್ಮ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅದೊಂದೇ ತಪ್ಪಾಯಿತು.

ನನ್ನ ಜೊತೆ ದಿನಾ ತಿಕೋಟಾಕ್ಕೆ ಬರುವವರು ನಮ್ಮ ಶಾಲೆಯ ಇತಿಹಾಸದ ಮೇಷ್ಟ್ರು. ನಿವೃತ್ತಿಗೆ ಹತ್ತಿರ ಬಂದವರು, ಗಾಡಿ ಹತ್ತಿದ ಕೂಡಲೇ ನಿದ್ದೆಗೆ ಇಳಿಯುವವರು. ಅವತ್ತು ಮಧ್ಯಾಹ್ನ ಶಾಲೆ ಬಿಟ್ಟು ಬರುತ್ತಿದ್ದೆವು. ದ್ರಾಕ್ಷಿ ತೋಟ ದಾಟಿ ಒಂದು ಸ್ಪೀಡ್ ಬ್ರೇಕರ್ ಹಾರಿದೆ. ಕಾದು ಮೆತ್ತಗಾಗಿದ್ದ ಡಾಂಬರು ಕೈ ಬಿಟ್ಟಿತು. ಟಾಪಿನ ಬಟ್ಟೆ ನಿಧಾನಕ್ಕೆ, ಬಹಳ ಮರ್ಯಾದೆಯಿಂದ, ಇಳಿದು ಅವರ ಎರಡೂ ಭುಜದ ಮೇಲೆ ಹರಡಿಕೊಂಡಿತು.

ಅವರು ಕಣ್ಣು ಅರ್ಧ ತೆರೆದರು. ಭುಜ ಮುಟ್ಟಿ ನೋಡಿಕೊಂಡರು. ಆಮೇಲೆ ಎರಡೂ ಕೈ ಜೋಡಿಸಿ ನಿದ್ದೆಗಣ್ಣಲ್ಲೇ ಹೇಳಿದರು: “ಇದೆಲ್ಲಾ ಯಾಕ ಬೇಕಾಗಿತ್ರಿ? ನಾ ಅಂಥಾದ್ದೇನ ಮಾಡೇನಿ?”

ಅಜ್ಜಿಯ ಸೀರೆ

ಡಾಂಬರೆಲ್ಲ ಕೆರೆದು, ಟಾಪಿಗೂ ಅಂಗಡಿಯ ಶೀಟನ್ನೇ ತಂದು ಹಚ್ಚಿದೆ. ಆದರೂ ನೆಲದಿಂದ ಟಾಯರಿನ ಗೊರಗೊರ ಬರುತ್ತಿತ್ತು. ದಪ್ಪನೆಯದು ಏನಾದರೂ ಹಾಸಬೇಕು. ಮನೆಯಲ್ಲಿ ಅವ್ವ ಹೊಲಿದು ಕೊಟ್ಟ ಕೌದಿ ಇತ್ತು. ಹಳೆಯ ಸೀರೆ, ಧೋತರದ ತುಂಡುಗಳನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು. ಅದನ್ನು ಕಾರ್ಪೆಟ್ಟಿನ ಕೆಳಗೆ ಹಾಸಿದೆ. ಗೊರಗೊರ ಮಂಗಮಾಯ! ದುಡ್ಡು ಕೊಟ್ಟು ತಂದ ಯಾವ ಫೋಮೂ ನಮ್ಮವ್ವನ ಕೌದಿಯ ಮುಂದೆ ನಿಲ್ಲುವುದಿಲ್ಲ ಎಂದು ಶಾಲೆಯಲ್ಲೆಲ್ಲ ಸಾರಿಕೊಂಡು ಬಂದೆ.

ಊರಿಂದ ಬಂದಿದ್ದ ಅವ್ವನನ್ನು ವಾಪಸು ಬಿಡಲು ವ್ಯಾನಿನಲ್ಲಿ ಕೂಡಿಸಿಕೊಂಡು, ಹೆಮ್ಮೆಯಿಂದ ಕಾರ್ಪೆಟ್ಟು ಎತ್ತಿ ತೋರಿಸಿದೆ. ಅವ್ವ ಒಂದು ಗಳಿಗೆ ನೋಡಿದವಳೇ ಎರಡೂ ಕಾಲು ಎತ್ತಿ ಸೀಟಿನ ಮೇಲೆ ಇಟ್ಟುಕೊಂಡಳು.

“ಯಪ್ಪಾ, ಆ ಹಸರ ತುಂಡ ನಿಮ್ಮಜ್ಜಿ ಸೀರೀದ. ಸತ್ತ ಹಿರ್ಯಾಳನ್ನ ತುಳದಂಗ ಆತಲ್ಲೋ!”

ಊರು ಬರುವವರೆಗೂ ಅವ್ವ ಕಾಲು ಇಳಿಸಲಿಲ್ಲ. ಮರುದಿನವೇ ನಾನು ಮತ್ತೆ ಎಲ್ಲ ಬಿಚ್ಚಿದೆ. ನೆಲಕ್ಕೆ ಫೋಮು ಹಾಕಿದೆ. ಕೌದಿಯನ್ನು ಟಾಪಿಗೆ ಏರಿಸಿ, ಬಟ್ಟೆಗೆ ಸೇರಿಸಿ ದಪ್ಪ ದಾರದಿಂದ ಹೊಲಿದೆ. ಹೊಲಿಗೆ ಹಾಕಿಕೊಟ್ಟವಳು ಹೆಂಡತಿ, ಸೂಜಿ ಚುಚ್ಚಿಸಿಕೊಂಡವನು ನಾನು. ಮೇಲಿನ ಗುಂಯ್ ಕೂಡ ಅಡಗಿತು. ಅವ್ವನಿಗೂ ಸಮಾಧಾನವಾಯಿತು. “ಈಗ ಹಿರ್ಯಾಳು ಇರಬೇಕಾದ ಜಾಗಾದಾಗ ಅದಾಳ” ಎಂದಳು.

ಅಂದಿನಿಂದ ಅವ್ವ ಹತ್ತುವಾಗ ಟಾಪಿಗೆ ಕೈ ಮುಗಿದೇ ಕೂರುತ್ತಾಳೆ. ಅವಳನ್ನು ನೋಡಿ ಇತಿಹಾಸದ ಮೇಷ್ಟ್ರೂ ಕೈ ಮುಗಿಯಲು ಶುರು ಮಾಡಿದ್ದಾರೆ. ಅವರು ಮುಗಿಯುವುದು ಅಜ್ಜಿಗಲ್ಲ, ಮತ್ತೆ ಬೀಳದಿರಲಿ ಎಂದು.

ಕೂಗುವ ಚಾಳಿ

ವ್ಯಾನು ಸುಮ್ಮನಾಯಿತು, ಒಳಗಿನವರ ಗಂಟಲು ಸುಮ್ಮನಾಗಲಿಲ್ಲ. ಆ ಸದ್ದಿನಲ್ಲಿ ಕೂಗಿ ಕೂಗಿಯೇ ಮಾತಾಡಿ ನಮಗೆಲ್ಲ ರೂಢಿಯಾಗಿತ್ತು. ತಿಕೋಟಾ ಬಸ್ ನಿಲ್ದಾಣದ ಎದುರು ಕಾಯಿಪಲ್ಯೆ ಕೊಳ್ಳಲು ನಿಲ್ಲಿಸಿ ಕಿಟಕಿ ಇಳಿಸಿದೆ. ಇತಿಹಾಸದ ಮೇಷ್ಟ್ರು ಹಿಂದಿನಿಂದ ಪಾಠ ಹೇಳುವ ದನಿಯಲ್ಲಿ ಮನೆಯ ಕಷ್ಟ ಹೇಳುತ್ತಿದ್ದರು.

“ನನ್ನ ಗೊರಕಿಗೆ ಸಾಕಾಗಿ, ಮನಿಯಾಕಿ ನನ್ನ ಹಾಸಿಗಿ ಸುತ್ತಿ ಪಡಸಾಲ್ಯಾಗ ಒಗದಾಳ್ರಿ ಸರ!”

ಬಸ್ಸು ಕಾಯುತ್ತಿದ್ದವರೆಲ್ಲ ತಿರುಗಿದರು. ಬುಟ್ಟಿ ಹಿಡಿದ ಒಬ್ಬ ಮುದುಕಿ ಎದ್ದು ಬಂದು ಕಿಟಕಿಯೊಳಗೆ ತಲೆ ಹಾಕಿದಳು. “ಮಗ್ಗಲಾಗಿ ಮಲಕೊಳ್ಳೋ ಯಪ್ಪಾ, ಕಡಿಮಿ ಆಕೈತಿ.”

ಮೇಷ್ಟ್ರಿಗೆ ನಾಚಿಕೆ, ಆದರೂ ಆಸೆ. “ಅದರಿಂದ ನಿಮ್ಮನ್ಯಾಗ ಕಡಿಮಿ ಆಗೇತೇನಬೇ?” ಎಂದು ಕೇಳಿದರು.

“ಯಾರಿಗೊತ್ತೋ ಯಪ್ಪಾ? ನಮ್ಮವರು ಹೊಲದಾಗ ಮಲಗತಾರ.”

ಹಿಂದಿನ ಸೀಟು

ಇಷ್ಟೆಲ್ಲ ಆದರೂ ಅಪ್ಪ ಹತ್ತಲಿಲ್ಲ. ಸಾರವಾಡಕ್ಕೆ ಒಯ್ದು, ಗಾಡಿ ಚಾಲು ಮಾಡಿ, “ನೋಡಪ್ಪಾ” ಅಂದೆ. ಅವನು ಹೊರಗೇ ನಿಂತು ಬಾನೆಟ್ಟಿನ ಕಡೆಗೆ ಕಿವಿ ಕೊಟ್ಟ. “ಹೆಂಗ ಇತ್ತೋ ಹಂಗ ಐತಲ್ಲೋ!” ಅಂದ. ಸದ್ದು ನಿಲ್ಲಿಸಿದ್ದು ಒಳಗೆ ಕೂತವರಿಗೆ, ಹೊರಗೆ ನಿಂತವರಿಗಲ್ಲ ಎಂದು ಶಬ್ದದ ಪಾಠ ಪೂರ್ತಿ ಒಪ್ಪಿಸಿದೆ. ಪಾಠ ಮುಗಿಯುವಷ್ಟರಲ್ಲಿ ಅಪ್ಪ ಹೊಲಕ್ಕೆ ಹೋಗಿದ್ದ. ನಿಜಕ್ಕೂ ಕಣ್ಣು ತುಂಬಿ ಬಂತು. ಬಾಗಿಲು ಹಾಕಿಕೊಂಡು ಆ ನಿಶ್ಶಬ್ದದಲ್ಲಿ ಒಬ್ಬನೇ ಕೂತುಬಿಟ್ಟೆ.

ಕೊನೆಗೆ ದಾರಿ ತೆಗೆದವಳು ಅವ್ವ. ಬಬಲೇಶ್ವರದಲ್ಲಿ ಸೋದರಮಾವನ ಹೊಸ ಮನೆಯ ವಾಸ್ತುಶಾಂತಿ. ಅಪ್ಪ ಬಸ್ಸಿಗೆ ಹೊರಟು ನಿಂತಿದ್ದ. ಅವ್ವ ಅವನ ಟವೆಲ್ಲು, ಚೀಲ, ಎಲಿಅಡಿಕಿ ಸಂಚಿ ಎಲ್ಲವನ್ನೂ ಮೊದಲೇ ವ್ಯಾನಿನೊಳಗೆ ಹಾಕಿ ತಾನೂ ಕೂತಿದ್ದಳು. ಸಂಚಿ ಎಲ್ಲಿಯೋ ಅಪ್ಪನೂ ಅಲ್ಲಿಯೇ. ಬೈದುಕೊಂಡೇ ಹತ್ತಿ ಅವ್ವನ ಪಕ್ಕ ಹಿಂದಿನ ಸೀಟಿನಲ್ಲಿ ಕೂತ. ಮುಂದೆ ನಾನು, ಹೆಂಡತಿ.

ಸಾರವಾಡ ದಾಟಿತು. ನಾನು ಕನ್ನಡಿಯಲ್ಲಿ ಮತ್ತೆ ಮತ್ತೆ ಅಪ್ಪನ ಮುಖ ನೋಡಿದೆ.

ಅಪ್ಪ ಟ್ರ್ಯಾಕ್ಟರಿನ ಮನುಷ್ಯ. ಹಿಂದೆ ಟ್ರೇಲರಿನಲ್ಲಿ ಕೂತವರು ಡ್ರೈವರನ್ನು ಎಷ್ಟೇ ಬೈದರೂ ಅವನಿಗೆ ಕೇಳಿಸುವುದಿಲ್ಲ ಎಂಬುದು ಅವನ ಜೀವಮಾನದ ಅನುಭವ. ಅದೇ ಧೈರ್ಯದ ಮೇಲೆ ಸಂಚಿ ಬಿಚ್ಚಿ ಅವ್ವನ ಜೊತೆ ಮಾತಿಗಿಳಿದ.

“ಮಗ ಕೆಲಸ ಚೊಲೊ ಮಾಡ್ಯಾನ ನೋಡ. ಒಂದ ಕಡೆನೂ ಕುಸುಕ್ ಅನ್ನವಲ್ದು. ಅವನ ಕೈಯಾಗ ಇಷ್ಟ ಕಸಬು ಐತಂತ ನನಗ ಗೊತ್ತಿದ್ದಿಲ್ಲ.”

ನನ್ನ ಕಣ್ಣ ಮುಂದಿನ ರಸ್ತೆ ಮಂಜಾಯಿತು. ಹೆಂಡತಿ ಮೊಣಕೈಯಿಂದ ತಿವಿದಳು.

“ಹಂಗಾದ್ರ ಅವಗ ಹೇಳ್ರಿ” ಅವ್ವ ಅಂದಳು.

“ಏ, ಬ್ಯಾಡ ಬ್ಯಾಡ. ಹೇಳಿದ್ರ ನಾಳೆ ಬಂದು ನನ್ನ ಟ್ರ್ಯಾಕ್ಟರ್ ಬಿಚ್ಚತಾನ.”

ನಾನು ತುಟಿ ಕಚ್ಚಿ ನಗು ತಡೆದೆ. ಈ ದಾರಿ ಬಬಲೇಶ್ವರಕ್ಕೆ ಮುಗಿಯದೆ ಹೀಗೇ ಮುಂದೆ ಹೋಗಲಿ ಅನ್ನಿಸಿತು. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಮುಂದುವರಿಸಿದ.

“ಗಾಡಿ ಏನೋ ಭೇಷ್ ಮಾಡ್ಯಾನ. ಹೊಡ್ಯಾಕ ಮಾತ್ರ ಇನ್ನೂ ಬರವಲ್ದು. ಆ ಗೇರ್ ಹಾಕೂದ ನೋಡ, ನೆಲಕ್ಕ ಗೂಟಾ ಬಡದಂಗ.”

ಹೊಗಳಿಕೆಯನ್ನು ತಡೆದುಕೊಂಡಿದ್ದೆ, ಇದನ್ನು ತಡೆಯಲಾಗಲಿಲ್ಲ. “ಎತ್ತಿನ ಗಾಡಿ ಅಡ್ಡ ಬಂತಪ್ಪಾ! ಗೇರ್ ನಾ ಸರೀನ ಹಾಕೇನಿ!”

ವ್ಯಾನಿನೊಳಗೆ ನಾನು ಅಷ್ಟು ದಿನ ಒದ್ದಾಡಿ ತಂದ ನಿಶ್ಶಬ್ದ ಪೂರ್ತಿಯಾಗಿ ನೆಲೆಸಿತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯಾಚೆ ಜೋಳದ ಹೊಲ ನೋಡತೊಡಗಿದಳು. ಕನ್ನಡಿಯಲ್ಲಿ ಅಪ್ಪ, ಎಲೆ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತ್ತು.

“ನಿನಗ ಕೇಳಿಸ್ತೇನು?”

“ಕೇಳಿಸ್ತಪ್ಪಾ.”

“ಯಾವಾಗಿಂದ?”

“ಮೊದಲಿಂದ. ಎಲ್ಲಾ.”

ಅಪ್ಪ ಎಲೆಯನ್ನು ಬಾಯಿಗೆ ಹಾಕಿಕೊಂಡು ಅಗಿದ. ಆಮೇಲೆ ಗದರಿಸಿದ.

“ಸ್ವಲ್ಪನರ ಸಪ್ಪಳಾ ಉಳಸಬಾರದೇನಲೇ ಮಗನ? ಹೆತ್ತವರು ಮಾತಾಡೂದು ಹೆಂಗ?”