ಬಾನೆಟ್ಟಿನ ಅಡಿಯ ಆನೆ

ದಾನಮ್ಮನಿಗೆ ಮೆಕ್ಯಾನಿಕ್ ಬೇಕಿರಲಿಲ್ಲ. ಇಪ್ಪತ್ತೆರಡು ವರ್ಷ ಮೆಕ್ಯಾನಿಕ್ಕನ ಜೊತೆಗೇ ಸಂಸಾರ ಮಾಡಿದವಳು. ಗಂಡ ಮಡಿವಾಳಪ್ಪ ತೀರಿಹೋಗಿ ವರ್ಷವಾಗಿತ್ತು. ಈಗ ಖಾನಾವಳಿಗಳಿಗೆ ಜೋಳದ ರೊಟ್ಟಿ ಸಾಗಿಸಲು ಹಳೆಯ ಗಾಡಿಯೊಂದನ್ನು ಕೊಳ್ಳಬೇಕು. ಅದು ಕೈಕೊಟ್ಟರೆ ಅನ್ನಕ್ಕೇ ಕಲ್ಲು.

"ಅತ್ತಿಗೀ, ಯಾರಿಗಾರ ತೋರಿಸೂಣು," ಎಂದ ಮೈದುನ ಫಕೀರೇಶ.

"ಯಾಕ? ನಿಮ್ಮಣ್ಣ ನಿದ್ದಿಯೊಳಗೂ ಎಂಜಿನ್ ಮಾತೇ ಆಡ್ತಿದ್ದ. ನಾ ಕೇಳ್ಕೋತ ಮಲಗಿದಾಕಿ."

ಚಂದ್ರಾ ಲೇಔಟಿನಲ್ಲಿ, ಗಾಡಿ ಮಾರಲಿದ್ದ ಶ್ಯಾಮಸುಂದರ ಅವರ ಮನೆ ಮುಂದೆ, ಆ ಕುಳ್ಳ ಜೀಪಿನಂಥ ಗಾಡಿ ನಿಂತಿತ್ತು. ದಾನಮ್ಮ ಸೆರಗು ಸಿಕ್ಕಿಸಿ ಮಹಾಪರೀಕ್ಷೆಗೆ ಇಳಿದಳು. ಬಾನೆಟ್ ಮುಟ್ಟಿದಳು. ತಣ್ಣಗಿತ್ತು. (ಮೊದಲೇ ಬಿಸಿ ಮಾಡಿಟ್ಟವನು ಕಳ್ಳ, ಇದು ಮಡಿವಾಳಪ್ಪನ ಶಾಸ್ತ್ರ.) ಸ್ಟಾರ್ಟ್ ಮಾಡಿಸಿ ಹೊಗೆ ನೋಡಿದಳು. ಆಫ್ ಮಾಡಿಸಿ, ಸಾರಿನ ಹದ ನೋಡುವವಳಂತೆ ಆಯಿಲ್ ಮೂಸಿದಳು. ಆಮೇಲೆ ಬಗ್ಗಿದವಳು ಕೂಗಿಯೇಬಿಟ್ಟಳು.

"ಇದೇನ್ರೀ ಸಾರ್? ಪೈಪಿಗೆ ಚಿಂದಿ ಸುತ್ಯಾರ! ಯಾವ ತಿರುಬೋಕಿ ಮಾಡಿದ ಕೆಲಸ? ಅವನ ಹೆಂಡ್ತಿ ಹೆಂಗ್ ಬಾಳೇ ಮಾಡ್ತಾಳೋ ಪಾಪ!"

"ಪೈಪು ಉಜ್ಜಿ ತೂತಾಗಬಾರ್ದು ಅಂತ ಸುತ್ತಿದ್ದಮ್ಮ," ಎಂದರು ಶ್ಯಾಮಸುಂದರ. "ಮೂರು ವರ್ಷ ಆಯ್ತು, ಒಂದು ಹನಿ ಸೋರಿಲ್ಲ. ದೀಪಾಂಜಲಿ ನಗರದಲ್ಲಿ ಮಡಿವಾಳಪ್ಪ ಅಂತ ಇದ್ರು. ಮನೆಗೆ ಓಡಿಹೋಗಿ ಬಟ್ಟೆ ತಂದು ಸುತ್ತಿದ್ರು. ಒಂದು ಟೀ ಸಾಕು ಅಂದ್ರು."

ಫಕೀರೇಶ ಆಕಾಶ ನೋಡಿದ.

ದಾನಮ್ಮ ಉಗುರಿನಿಂದ ಗ್ರೀಸು ಕೆರೆದಳು. ಕೆಂಪು ಇಳಕಲ್ ಸೆರಗು. ಅದರ ಮೇಲೆ ಅವಳೇ ಹಾಕಿದ ಕಸೂತಿ ಆನೆ. ನಾಲ್ಕನೆಯ ಕಾಲು ಮರೆತಿದ್ದಳು. ಮೂರು ಕಾಲಿನ ಆನೆ ಲೋಕಕ್ಕೆ ಒಂದೇ. ಮೂರು ವರ್ಷದ ಹಿಂದೆ ಒಣಹಾಕಿದ ಹಗ್ಗದಿಂದ ಮಾಯವಾದ ಸೀರೆ! ಪಕ್ಕದ ಮನೆ ಯಶೋದಮ್ಮನೇ ಕದ್ದಳೆಂದು ನಲ್ಲಿಯ ಹತ್ತಿರ ಓಣಿಗೆಲ್ಲ ಕೇಳುವಂತೆ ಬೈದಿದ್ದಳು. ಅಂದಿನಿಂದ ಮಾತು ಬಿಟ್ಟಿದ್ದಳು. ಮಡಿವಾಳಪ್ಪ ಪಕ್ಕದಲ್ಲೇ ನಿಂತು, "ಕಾಲ ಕೆಟ್ಟೈತಿ," ಎಂದು ತಲೆ ಬೇರೆ ಆಡಿಸಿದ್ದ.

ಅವಳು ಕಣ್ಣೊರೆಸಿಕೊಂಡಳು. ಕೆನ್ನೆಗೆಲ್ಲ ಗ್ರೀಸು.

"ಮೂರು ವರ್ಷ ಒಂದು ಹನಿ ಸೋರಿಲ್ಲ, ನೋಡಿದೇನು ಫಕೀರೇಶಾ? ಅದು ಕೆಲಸ! ಸಾರ್, ಗಾಡಿ ನಮ್ದು."

"ಚಿಂದಿ ಬಿಚ್ಚಿಸೂಣೇನ್ ಅತ್ತಿಗೀ?"

"ಮುಟ್ಟಿದ್ರ ಕೈ ಮುರೀತೀನಿ."

"ಮೊದಲು ಗುಡಿಗೆ ಹೋಗೂಣಲ್ಲ, ಪೂಜಿಗೆ?"

ದಾನಮ್ಮ ಗಾಡಿ ಹತ್ತಿ ಕೂತಳು.

"ಯಶೋದಮ್ಮನ ಮನಿಗೆ. ಬಾಗಿಲ ಮುಂದ ನಿಲ್ಲಿಸಿ ಬಾನೆಟ್ ಎತ್ತು. ಬರೇ ಬಾಯಿಲೆ ಹೇಳಿದ್ರ ಆಕಿ ನಂಬೂದಿಲ್ಲ."