ಅಬ್ರಹಾಮನ ಚೌಕಾಸಿ ಮತ್ತು ಒಂಬತ್ತನೇ ಕ್ಲಾಸು

ನಲವತ್ತು ನಿಮಿಷದ ಒಂದು ನೀತಿಪಾಠಕ್ಕೆ ನಾನು ತೆತ್ತ ಬೆಲೆ ಇಷ್ಟು: ಇಡೀ ಒಂಬತ್ತನೇ ಕ್ಲಾಸಿನ ಪ್ರವಾಸ, ಮೇಲೆ ಮೂರು ದಿನ ಮಗಳ ಮೌನ. ಕಾರಣ? ನನ್ನ ಬಾಯಿ!

ಜಯಲಕ್ಷ್ಮಿಪುರಂನಲ್ಲಿ ನನ್ನದೊಂದು ಪಾತ್ರೆ ಅಂಗಡಿ. ತಳ್ಳುಗಾಡಿಯಿಂದ ಮೇಲೆ ಬಂದವನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸುವ ಗಿರಾಕಿ ಇನ್ನೂ ಹುಟ್ಟಿಲ್ಲ. ಮಗಳು ಶೀಲಾ ಓದುವ ಕಾನ್ವೆಂಟಿನ ಸಿಸ್ಟರ್, "ಬೈಬಲಿನ ಒಂದು ಮೌಲ್ಯವನ್ನು ಪೋಷಕರೇ ಬಂದು ಹೇಳಿಕೊಟ್ಟರೆ ಈ ವಯಸ್ಸಿನ ಮಕ್ಕಳಿಗೆ ನಾಟುತ್ತೆ" ಎಂದಾಗ ಮೊದಲು ಎದ್ದ ಕೈ ನನ್ನದೇ.

"ಬೇಡ ಕಣ್ರೀ, ನಿಮಗೆ ಬರೋದು ಅಂಗಡಿ ಮಾತೊಂದೇ" ಎಂದಳು ಹೆಂಡತಿ ಫಿಲೋಮಿನಾ. ಕೇಳಿದೆನೇ?

ಕೊಟ್ಟ ವಿಷಯ, ಇನ್ನೊಬ್ಬರಿಗಾಗಿ ಬೇಡಿಕೊಳ್ಳುವ ಕರುಣೆ. ಕೆಟ್ಟ ಊರೊಂದನ್ನು ನಾಶ ಮಾಡಲು ಹೊರಟ ದೇವರನ್ನು ಅಬ್ರಹಾಮ ತಡೆದು, "ಐವತ್ತು ಜನ ಒಳ್ಳೆಯವರಿದ್ದರೆ ಉಳಿಸ್ತೀಯಾ?" ಎಂದು ಶುರುಮಾಡಿ ಹತ್ತಕ್ಕೆ ಇಳಿಸುವ ಕಥೆ. ನಾನು ಕರುಣೆಯನ್ನು ಚಪ್ಪಲಿ ಜೊತೆ ಹೊರಗೇ ಬಿಟ್ಟು ಚೌಕಾಸಿ ಕಲಿಸಿದೆ! ಮೊದಲು ಐದೈದು ಇಳಿಸಬೇಕು, ಆಮೇಲೆ ಹತ್ತತ್ತು. ದನಿ ತಗ್ಗಿರಬೇಕು. ಎದುರಿನವರು 'ಹೂಂ' ಅಂದ ಕೂಡಲೇ ಮುಂದಿನದು ಕೇಳಬೇಕು.

"ಹತ್ತಕ್ಕೇ ನಿಲ್ಲಿಸಿಬುಟ್ಟ. ನಾನಾಗಿದ್ರೆ ಒಂದಕ್ಕೆ ತರ್ತಿದ್ದೆ!" ಎಂದೆ. ಚಪ್ಪಾಳೆಯೋ ಚಪ್ಪಾಳೆ.

ಮರುವಾರ ಹೆಚ್ಚುಕಮ್ಮಿ ಇಡೀ ಕ್ಲಾಸು ವಿಜ್ಞಾನದ ರೆಕಾರ್ಡ್ ಕಾಪಿ ಹೊಡೆದು ಸಿಕ್ಕಿಬಿತ್ತು. ಪ್ರವಾಸ ರದ್ದು ಎಂದರು ಸಿಸ್ಟರ್. ಆಗ ನನ್ನ ಶಿಷ್ಯರು ಎದ್ದರಂತೆ.

"ಸಿಸ್ಟರ್, ಕಾಪಿ ಮಾಡ್ದೇ ಇರೋರು ಇಪ್ಪತ್ತು ಜನ ಇದ್ರೆ ಕಳಿಸ್ತೀರಾ?"

"ಹೂಂ."

"ಬೇಜಾರು ಮಾಡ್ಕೋಬೇಡಿ ಸಿಸ್ಟರ್, ಹತ್ತು?"

"ಸರಿ."

"ಇದೇ ಕೊನೆ. ಒಬ್ರು?"

ಸಿಸ್ಟರ್ ನಿಟ್ಟುಸಿರು ಬಿಟ್ಟರಂತೆ. "ಆಗಲಿ. ಆ ಒಬ್ಬರು ಎದ್ದು ನಿಲ್ಲಲಿ."

ಎಲ್ಲ ತಲೆಗಳೂ ಕ್ಲಾಸಿಗೇ ಮೊದಲಾದ ನನ್ನ ಮಗಳ ಕಡೆ ತಿರುಗಿದವು. ಶೀಲಾ ಎದ್ದಳು.

"ನಂದೂ ಕಾಪಿನೇ ಸಿಸ್ಟರ್. ಹೋದ ವರ್ಷದ ಬ್ಯಾಚಿನ ಅಕ್ಕನ ರೆಕಾರ್ಡ್ ನೋಡಿ ಬರೆದೆ."

ವ್ಯಾಪಾರ ಮುರಿದುಬಿತ್ತು!

ಸಂಜೆ ಮನೆಯಲ್ಲಿ ಅಳು. ಗೆಳತಿಯರು ಯಾರೂ ಅವಳ ಮುಖ ನೋಡುತ್ತಿಲ್ಲ. ತಲೆ ಸವರಬೇಕಾದ ಅಪ್ಪ ನಾನು, "ಸುಮ್ಮನೆ ನಿಂತಿದ್ರೆ ಮುಗೀತಿತ್ತಲ್ಲ ಕಣಮ್ಮ!" ಎಂದುಬಿಟ್ಟೆ.

"ಮೌಲ್ಯ ಹೇಳ್ಕೊಡೋಕೆ ಬಂದಿದ್ದೋರು ನೀವೇ ತಾನೇ ಪಪ್ಪಾ?" ಎಂದಳು. ಆಮೇಲೆ ಮೂರು ದಿನ ಮಾತಿಲ್ಲ.

ನಾಲ್ಕನೇ ದಿನ ಸಿಸ್ಟರ್ ಫೋನು. "ಅರ್ಧ ದಿನದ ಪ್ರವಾಸವಾದರೂ..." ಎಂದು ನಾನು ಶುರುಮಾಡುವಷ್ಟರಲ್ಲಿ ಅವರು ಕೇಳಿದರು: "ನಿಮ್ಮ ಮಗಳಿಗೆ ನಿಜ ಹೇಳೋದನ್ನ ಕಲಿಸಿದವರು ಯಾರು?"

ಫೋನನ್ನು ಫಿಲೋಮಿನಾ ಕೈಗೆ ಕೊಟ್ಟೆ.

ಆದ್ದರಿಂದ ಪೋಷಕ ಮಹಾಶಯರಲ್ಲಿ ದಣಿದವನೊಬ್ಬನ ವಿನಂತಿ. ಶಾಲೆಯವರು ಮೌಲ್ಯ ಬೋಧಿಸಲು ಕರೆದರೆ, ಪಾಠವನ್ನು ಮೊದಲು ಮನೆಯ ಮಗುವಿಗೆ ಒಪ್ಪಿಸಿ ನೋಡಿ. ಅದು ಮಾತಾಡದೆ ನಿಮ್ಮನ್ನೇ ನೋಡುತ್ತಾ ಕೂತರೆ, ಜ್ವರ ಎಂದು ಹೇಳಿ ಕಳಿಸಿ ಮನೆಯಲ್ಲೇ ಇದ್ದುಬಿಡಿ. ಆದರೆ ಆ ಸುದ್ದಿಯನ್ನು ಮಾತ್ರ ಮಗುವಿನ ಕೈಯಲ್ಲಿ ಕಳಿಸಬೇಡಿ!